ವಸಡಿನ ರಕ್ತಕ್ಕೂ ರಾತ್ರಿಯ ಎದೆಬಡಿತಕ್ಕೂ ಏನು ಸಂಬಂಧ?

ಪ್ರಶ್ನೆ: ನನಗೆ 36 ವರ್ಷ. ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ವರ್ಷದಿಂದ ಹಲ್ಲುಜ್ಜುವಾಗ ರಕ್ತ ಬರುತ್ತಿದೆ, ಬಾಯಿ ವಾಸನೆ ಇದೆ, ಕೆಳಗಿನ ಮುಂದಿನ ಎರಡು ಹಲ್ಲು ಸ್ವಲ್ಪ ಅಲ್ಲಾಡುತ್ತವೆ. ಆರು ತಿಂಗಳಿಂದ ಇನ್ನೊಂದು ಕಾಟ ಶುರುವಾಗಿದೆ. ರಾತ್ರಿ ಒಮ್ಮೆಲೇ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ, ಬೆವರುತ್ತೇನೆ, ಏನೋ ಆಗಿಬಿಡುತ್ತದೆ ಅನ್ನಿಸುತ್ತದೆ. ಗಂಗಾವತಿಯಲ್ಲಿ ಇಸಿಜಿ ಮಾಡಿಸಿದೆ, ನಾರ್ಮಲ್ ಅಂದರು. ಮೊನ್ನೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ವಸಡಿನ ಬ್ಯಾಕ್ಟೀರಿಯಾ ಮೆದುಳಿಗೆ ಏರಿ ಅದನ್ನು ತಿನ್ನುತ್ತದೆ, ಆತಂಕ, ಮರೆವು ಎಲ್ಲಾ ಅದರಿಂದಲೇ ಅಂತ ಅದರಲ್ಲಿ ಹೇಳಿದರು. ನಮ್ಮ ಅವ್ವನಿಗೆ 66 ವರ್ಷ, ಎರಡು ವರ್ಷದಿಂದ ಮರೆವು. ಅವಳ ಹಲ್ಲುಗಳೂ ಹೀಗೇ ಅಲ್ಲಾಡಿ ಬಿದ್ದವು. ನನ್ನ ಭಯಕ್ಕೆ ವಸಡೇ ಕಾರಣವಾ? ನನಗೂ ಮರೆವು ಬರುತ್ತಾ? ಎಲ್ಲಾ ಹಲ್ಲು ತೆಗೆಸಿಬಿಟ್ಟರೆ ಸರಿ ಹೋಗುತ್ತಾ? ದಿನಕ್ಕೆ ಏಳೆಂಟು ಪಾಕೀಟು ಪಾನ್ ಮಸಾಲ, ತಂಬಾಕು ಸೇರಿಸಿ ಹಾಕುವ ಅಭ್ಯಾಸ ಇದೆ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ತಡವಾಗಬಾರದು. ಹಲ್ಲು ತೆಗೆಸಬೇಡಿ. ಎರಡು ಹಲ್ಲು ಸ್ವಲ್ಪ ಅಲ್ಲಾಡಿದ್ದಕ್ಕೆ ಉಳಿದ ಹಲ್ಲುಗಳನ್ನೆಲ್ಲಾ ಕಳೆದುಕೊಳ್ಳುವ ಅಗತ್ಯವೇ ಇಲ್ಲ. ಆ ಎರಡರ ಎಕ್ಸ್‌ರೇ ತೆಗೆಸಿ ಬುಡದಲ್ಲಿ ಎಲುಬು ಎಷ್ಟು ಉಳಿದಿದೆ ಅಂತ ನೋಡಬೇಕು. ನಿಮ್ಮ ವಯಸ್ಸಿನಲ್ಲಿ ಅಂಥ ಹಲ್ಲುಗಳನ್ನು ಎಷ್ಟೋ ಸಲ ಉಳಿಸಿಕೊಳ್ಳಲು ಆಗುತ್ತದೆ.

ಹಲ್ಲು ಕಿತ್ತರೆ ಮನಸ್ಸು ಸರಿಹೋಗುತ್ತದೆ ಅನ್ನುವ ಯೋಚನೆ ಹೊಸದೇನಲ್ಲ. ನೂರು ವರ್ಷದ ಹಿಂದೆ ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಅನ್ನುವ ಮುಖ್ಯ ವೈದ್ಯರು ಇದನ್ನು ನಿಜವಾಗಿ ಮಾಡಿ ನೋಡಿದರು. ಹಲ್ಲಿನ ಸೋಂಕಿನ ವಿಷ ಮೆದುಳಿಗೆ ಏರುವುದರಿಂದಲೇ ಹುಚ್ಚು ಬರುತ್ತದೆ ಅಂತ ನಂಬಿ ರೋಗಿಗಳ ಹಲ್ಲು ಕೀಳಿಸಿದರು, ಅದರಿಂದ ಗುಣವಾಗದಿದ್ದಾಗ ಟಾನ್ಸಿಲ್ ತೆಗೆದರು, ಆಮೇಲೆ ದೊಡ್ಡ ಕರುಳನ್ನೂ ಕೊಯ್ದರು. ಅವರ ನಂಬಿಕೆ ಎಷ್ಟು ಗಟ್ಟಿ ಇತ್ತೆಂದರೆ ಸ್ವಂತ ಮಕ್ಕಳ ಹಲ್ಲನ್ನೂ ಬಿಡಲಿಲ್ಲ. ರೋಗಿಗಳು ಗುಣವಾಗಲಿಲ್ಲ. ಆಪರೇಷನ್‌ನಿಂದಲೇ ಸತ್ತವರು ಬಹಳ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಬಾಯಿಗೂ ಮೆದುಳಿಗೂ ಸಂಬಂಧ ಇದೆ ಅನ್ನುವುದು ಒಂದು ಮಾತು, ಆ ಸಂಬಂಧವನ್ನು ಹಿಡಿದುಕೊಂಡು ಇಕ್ಕಳ ಎತ್ತುವುದು ಬೇರೆಯೇ ಮಾತು. ಇವೆರಡನ್ನೂ ಬೇರೆ ಇಟ್ಟುಕೊಂಡು ಮುಂದೆ ಓದಿ.

ನಾನು ಬಳ್ಳಾರಿಯಲ್ಲಿ ವಸಡಿನ ಚಿಕಿತ್ಸೆ ಮಾಡುವ ದಂತವೈದ್ಯೆ. ಸಿರುಗುಪ್ಪ, ಕಂಪ್ಲಿ, ಸಿಂಧನೂರು ಕಡೆಯಿಂದ ಬರುವವರು ನನ್ನ ಕುರ್ಚಿಯಲ್ಲಿ ಕೂತು ಹಲ್ಲಿನ ಕಥೆ ಮುಗಿಸಿದ ಮೇಲೆ, ಎದ್ದು ಹೋಗುವ ಹೊತ್ತಿಗೆ, ಮೆಲ್ಲಗೆ, "ಮೇಡಂ, ನಿದ್ದಿ ಬರಂಗಿಲ್ರೀ" ಅನ್ನುತ್ತಾರೆ. ನೀವು ಎರಡನ್ನೂ ಒಂದೇ ಪತ್ರದಲ್ಲಿ ಬರೆದಿರಿ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಬಾಯಲ್ಲಿ ಏನಾಗಿರಬಹುದು ಅಂತ ನೋಡೋಣ. ಆರೋಗ್ಯವಾಗಿರುವ ವಸಡಿಗೂ ಹಲ್ಲಿಗೂ ನಡುವೆ 1ರಿಂದ 3 ಮಿಲಿಮೀಟರ್ ಆಳದ ಸಣ್ಣ ಸಂದು ಇರುತ್ತದೆ. ಸರಿಯಾಗಿ ಉಜ್ಜದೆ ಇದ್ದಾಗ ಅಲ್ಲಿ ಅಂಟಂಟು ಪಾಚಿ ಕೂರುತ್ತದೆ, ಅದು ಗಟ್ಟಿಯಾಗಿ ಗಾರೆಯಾಗುತ್ತದೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ. ಇಷ್ಟಕ್ಕೆ ನಿಂತರೆ ಪೂರ್ತಿ ಸರಿಮಾಡಬಹುದು. ನಿಲ್ಲದಿದ್ದರೆ ಸಂದು 5, 6, 7 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ, ಹಲ್ಲು ಹಿಡಿದಿರುವ ಎಲುಬು ಕರಗುತ್ತದೆ, ಹಲ್ಲು ಅಲ್ಲಾಡುತ್ತದೆ. ನೋವು ಮಾತ್ರ ಇರುವುದಿಲ್ಲ. ಅದೇ ಈ ಕಾಯಿಲೆಯ ಕೆಟ್ಟ ಗುಣ. ಹುಳುಕು ಹಲ್ಲಾದರೆ ರಾತ್ರಿಯೆಲ್ಲಾ ಒದ್ದಾಡಿಸಿ ಬೆಳಿಗ್ಗೆ ಡಾಕ್ಟರ ಹತ್ತಿರ ಕಳಿಸುತ್ತದೆ, ವಸಡಿನ ಕಾಯಿಲೆ ಹತ್ತು ವರ್ಷ ಸುಮ್ನೆ ತಿನ್ನುತ್ತಾ ಇರುತ್ತದೆ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನಕ್ಕೆ ಇದು ತೀವ್ರ ರೂಪದಲ್ಲಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಅದು ಬೇರೆ, ವಸಡಿನ ಕಾಯಿಲೆ ಬೇರೆ. ಹಲ್ಲು ಕಂದಾಗಿದ್ದರೂ ವಸಡು ಗಟ್ಟಿಯಾಗಿರಬಹುದು, ಹಲ್ಲು ಬೆಳ್ಳಗೆ ಫಳಫಳ ಅಂದರೂ ಬುಡ ಸಡಿಲವಾಗಿರಬಹುದು.

ಸಂದು ಆಳವಾದಷ್ಟೂ ಅಲ್ಲಿ ಗಾಳಿ ಕಡಿಮೆ. ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡುತ್ತವೆ. ನೀವು ನೋಡಿದ ವಿಡಿಯೊದಲ್ಲಿ ಹೇಳಿದ್ದು ಬಹುಶಃ ಅವುಗಳಲ್ಲೇ ಒಂದರ ಬಗ್ಗೆ, ಅದರ ಹೆಸರು ಪಾರ್ಫಿರೋಮೊನಾಸ್ ಜಿಂಜಿವ್ಯಾಲಿಸ್. ಇದು ಜಿಂಜಿಪೈನ್ ಅನ್ನುವ ಕಿಣ್ವ ಬಿಡುತ್ತದೆ, ಆ ಕಿಣ್ವ ಪ್ರೊಟೀನನ್ನು ಕತ್ತರಿಸುತ್ತದೆ, ನಮ್ಮ ದೇಹದ ಕಾವಲು ವ್ಯವಸ್ಥೆಯನ್ನೇ ದಾರಿ ತಪ್ಪಿಸುತ್ತದೆ. ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಉಳಿದ ಬ್ಯಾಕ್ಟೀರಿಯಾಗಳ ಸಮತೋಲನವನ್ನೇ ಕೆಡಿಸುವ ಶಕ್ತಿ ಇದಕ್ಕಿದೆ. ಊದಿದ ವಸಡಿನ ಒಳಮೈ ಹುಣ್ಣಾಗಿರುವುದರಿಂದ, ನೀವು ರೊಟ್ಟಿ ಅಗಿದಾಗ, ಬ್ರಷ್ ಮಾಡಿದಾಗ ಒಂದಿಷ್ಟು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಇದು ಖಚಿತ. ಸಾಮಾನ್ಯವಾಗಿ ದೇಹ ಅವುಗಳನ್ನು ಬೇಗ ತೆಗೆದುಹಾಕುತ್ತದೆ. ಆದರೆ ಹುಣ್ಣು ವಾಸಿಯಾಗುವವರೆಗೆ ದಿನವೂ ಇದೇ ನಡೆಯುತ್ತಿರುತ್ತದೆ.

ಈಗ ವಿಡಿಯೊದ ವಿಷಯ. ಅದು ಪೂರ್ತಿ ಸುಳ್ಳಲ್ಲ, ಅರ್ಧ ಕಥೆ. 2019ರ ಜನವರಿಯಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಆಲ್‌ಜೈಮರ್ಸ್ ಅನ್ನುವ ಮರೆವಿನ ಕಾಯಿಲೆಯಿಂದ ಸತ್ತವರ ಮೆದುಳಿನ ತುಣುಕುಗಳನ್ನು ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಾದರಿಗಳಲ್ಲಿ ಈ ಜಿಂಜಿಪೈನ್ ಸಿಕ್ಕಿತು. ಇಲಿಗಳ ಬಾಯಿಗೆ ಈ ಬ್ಯಾಕ್ಟೀರಿಯಾ ಹಚ್ಚಿದಾಗ ಮೆದುಳಿನಲ್ಲಿ ಅದರ ಗುರುತು ಕಾಣಿಸಿತು, ಆಲ್‌ಜೈಮರ್ಸ್‌ನಲ್ಲಿ ಜಾಸ್ತಿಯಾಗುವ ಅಮಿಲಾಯ್ಡ್ ಪ್ರೊಟೀನೂ ಹೆಚ್ಚಿತು. ಸುದ್ದಿ ಎಲ್ಲಾ ಕಡೆ ಹಬ್ಬಿತು. ಹಬ್ಬದೇ ಇದ್ದದ್ದು ಇನ್ನರ್ಧ. ಆ ಸಂಶೋಧನೆ ಮಾಡಿದವರಲ್ಲಿ ಹಲವರು ಕಾರ್ಟೆಕ್ಸೈಮ್ ಅನ್ನುವ ಕಂಪನಿಯವರು, ಜಿಂಜಿಪೈನನ್ನು ತಡೆಯುವ ಔಷಧಿ ತಯಾರಿಸುತ್ತಿದ್ದವರು. ಆಲ್‌ಜೈಮರ್ಸ್ ಇಲ್ಲದ ಕೆಲವರ ಮೆದುಳಿನಲ್ಲೂ ಅದೇ ಕಿಣ್ವ ಕಡಿಮೆ ಪ್ರಮಾಣದಲ್ಲಿ ಸಿಕ್ಕಿತ್ತು. ಸತ್ತ ಮೇಲೆ ಸಿಕ್ಕ ಗುರುತು, ಬ್ಯಾಕ್ಟೀರಿಯಾ ಮೊದಲು ಬಂತಾ ಕಾಯಿಲೆ ಮೊದಲು ಬಂತಾ ಅಂತ ಹೇಳುವುದಿಲ್ಲ. ಮರೆವು ಬಂದವರು ಹಲ್ಲುಜ್ಜುವುದನ್ನೂ ಮರೆಯುತ್ತಾರೆ, ಅಲ್ವಾ?

ಆಮೇಲೆ ಅದೇ ಔಷಧಿಯನ್ನು 643 ಆಲ್‌ಜೈಮರ್ಸ್ ರೋಗಿಗಳ ಮೇಲೆ 48 ವಾರ ಪರೀಕ್ಷೆ ಮಾಡಿದರು. 2021ರ ಅಕ್ಟೋಬರ್‌ನಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಕಾಯಿಲೆಯ ವೇಗ ತಗ್ಗಲಿಲ್ಲ. ಕೆಲವರ ಲಿವರ್‌ಗೆ ತೊಂದರೆಯಾದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ತಡೆಹಿಡಿಯಿತು. ಬಾಯಲ್ಲಿ ಆ ಬ್ಯಾಕ್ಟೀರಿಯಾ ಇದ್ದವರಿಗೆ ಸ್ವಲ್ಪ ಅನುಕೂಲ ಆಯಿತು ಅಂತ ಕಂಪನಿ ಹೇಳಿತು, ಆದರೆ ಅಂಥ ಒಳಗುಂಪಿನ ಲೆಕ್ಕದಿಂದ ಒಂದು ಔಷಧಿ ಗೆದ್ದಿತು ಅನ್ನಲು ಆಗುವುದಿಲ್ಲ. ವಿಡಿಯೊ ಮಾಡಿದವರು 2019ರ ಸುದ್ದಿ ಹೇಳಿ 2021ರ ಸುದ್ದಿ ಬಿಟ್ಟರೆ, ನೋಡಿದವರಿಗೆ ಉಳಿಯುವುದು ಭಯ ಮಾತ್ರ. ನಿಮಗೆ ಆದದ್ದೂ ಅದೇ.

ಹಾಗಾದರೆ ಆತಂಕಕ್ಕೂ ವಸಡಿಗೂ ಸಂಬಂಧ ಇಲ್ವಾ? ಇದೆ. ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ. ಬ್ಯಾಕ್ಟೀರಿಯಾ ತಾನೇ ಮೆದುಳಿಗೆ ಹೋಗಬೇಕಾಗಿಲ್ಲ, ಅದು ಎಬ್ಬಿಸಿದ ಗಲಾಟೆಯ ಸದ್ದು ಮೆದುಳಿಗೆ ಕೇಳಿದರೆ ಸಾಕು.

ಚಿಕುನ್‌ಗುನ್ಯಾ, ಡೆಂಗಿ ಬಂದಿದ್ದರೆ ನೆನಪಿಸಿಕೊಳ್ಳಿ. ಯಾರ ಜೊತೆಗೂ ಮಾತು ಬೇಡ, ಊಟ ಸೇರದು, ಸಣ್ಣ ಮಾತಿಗೂ ಅಳು, ಮೂಲೆಯಲ್ಲಿ ಮುಸುಕು ಹಾಕಿ ಮಲಗೋಣ ಅನ್ನಿಸುತ್ತದೆ. ಇದು ವೈರಸ್ ಮೆದುಳನ್ನು ತಿಂದದ್ದರಿಂದ ಅಲ್ಲ. ಸೋಂಕಿನ ವಿರುದ್ಧ ಹೋರಾಡುವ ಕಣಗಳು ರಕ್ತಕ್ಕೆ ಬಿಡುವ ಸಂದೇಶ ರಾಸಾಯನಿಕಗಳಿಂದ. ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಅಂತ ಅವಕ್ಕೆ ಹೆಸರು. ಅವು ಮೆದುಳಿನ ರಕ್ತನಾಳಗಳ ಗೋಡೆಯ ಮೂಲಕವೂ, ಎದೆ ಹೊಟ್ಟೆಯಿಂದ ಮೆದುಳಿಗೆ ಹೋಗುವ ವೇಗಸ್ ನರದ ಮೂಲಕವೂ ಸುದ್ದಿ ಮುಟ್ಟಿಸುತ್ತವೆ. ಮೆದುಳಿನಲ್ಲಿರುವ ಕಾವಲು ಕಣಗಳು ಎಚ್ಚರವಾಗುತ್ತವೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಅನ್ನುವ ರಾಸಾಯನಿಕದ ತಯಾರಿಗೆ ಬೇಕಾದ ಟ್ರಿಪ್ಟೋಫ್ಯಾನ್ ಬೇರೆ ದಾರಿಗೆ ಹೋಗುತ್ತದೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುಪೇರಾಗುತ್ತದೆ.

ಇದು ಬರೀ ಊಹೆ ಅಲ್ಲ. 2009ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಅಧ್ಯಯನದಲ್ಲಿ ಆರೋಗ್ಯವಂತ ಯುವಕರಿಗೆ ಟೈಫಾಯ್ಡ್ ಲಸಿಕೆ ಕೊಟ್ಟರು. ಜ್ವರ ಕೂಡ ಬರಲಿಲ್ಲ, ರಕ್ತದಲ್ಲಿ ಉರಿಯೂತ, ಅಂದರೆ ಈ ಸಂದೇಶ ರಾಸಾಯನಿಕಗಳ ಗಲಾಟೆ, ಸ್ವಲ್ಪ ಏರಿತು ಅಷ್ಟೇ. ಕೆಲವೇ ಗಂಟೆಗಳಲ್ಲಿ ಅವರ ಮನಸ್ಸು ಕುಗ್ಗಿತು, ಭಾವನೆಗೆ ಸಂಬಂಧಿಸಿದ ಮೆದುಳಿನ ಭಾಗದ ಕೆಲಸ ಬದಲಾದದ್ದು ಸ್ಕ್ಯಾನ್‌ನಲ್ಲಿ ಕಾಣಿಸಿತು. ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಇಂಜೆಕ್ಷನ್‌ನಿಂದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತಿತ್ತು. ದೇಹದ ಉರಿ ಮನಸ್ಸನ್ನು ಮುಟ್ಟುತ್ತದೆ ಅನ್ನುವುದಕ್ಕೆ ಇವು ಸಾಕು.

ವಸಡಿನ ಕಾಯಿಲೆ ಇಂಥ ಉರಿಯ ಒಂದು ಮೂಲ. ಎಲ್ಲಾ ಹಲ್ಲಿನ ಸುತ್ತಲೂ ಸಂದು ಆಳವಾದವರ ಬಾಯಲ್ಲಿ ಒಟ್ಟು ಹುಣ್ಣು 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ ಅಂತ ಲೆಕ್ಕ ಹಾಕಿದವರಿದ್ದಾರೆ. ಅಷ್ಟು ಅಗಲದ ಗಾಯ ಕೈಮೇಲಿದ್ದರೆ ನಾವು ಒಂದು ದಿನ ಬಿಡುತ್ತಿರಲಿಲ್ಲ. ಬಾಯಲ್ಲಿದೆ, ಕಾಣಿಸುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಬಿಡುತ್ತೇವೆ.

ಬ್ರಿಟನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು ವಸಡಿನ ಕಾಯಿಲೆ ದಾಖಲಾಗಿದ್ದ 64,379 ಜನರನ್ನು, ಅದು ಇಲ್ಲದವರ ಜೊತೆ ಹೋಲಿಸಿ ನೋಡಿದರು. 2021ರಲ್ಲಿ ಅದು ಪ್ರಕಟವಾಯಿತು. ಆತಂಕ, ಖಿನ್ನತೆಯಂಥ ಮಾನಸಿಕ ತೊಂದರೆ ಮುಂದೆ ಬರುವ ಸಾಧ್ಯತೆ ವಸಡಿನ ಕಾಯಿಲೆ ಇದ್ದವರಲ್ಲಿ 37 ಪ್ರತಿಶತ ಹೆಚ್ಚು ಕಂಡಿತು. ಈ ಅಂಕಿಯನ್ನು ಸರಿಯಾಗಿ ಓದಬೇಕು. ನೂರರಲ್ಲಿ 37 ಜನಕ್ಕೆ ಬರುತ್ತದೆ ಅಂತ ಅರ್ಥ ಅಲ್ಲ. ಬೇರೆಯವರಲ್ಲಿ 10 ಜನಕ್ಕೆ ಬಂದರೆ ಇವರಲ್ಲಿ 13 ಅಥವಾ 14 ಜನಕ್ಕೆ ಬಂತು ಅಂತ. ಅದರಲ್ಲೂ ವಸಡೇ ಕಾರಣ ಅಂತ ಅದು ಸಾಬೀತು ಮಾಡುವುದಿಲ್ಲ. ಬಡತನ, ತಂಬಾಕು, ಸಕ್ಕರೆ ಕಾಯಿಲೆ, ನಿದ್ದೆಗೇಡು ಇವು ವಸಡನ್ನೂ ಕೆಡಿಸುತ್ತವೆ, ಮನಸ್ಸನ್ನೂ ಕೆಡಿಸುತ್ತವೆ.

ದಾರಿ ಉಲ್ಟಾ ಕೂಡ ಓಡುತ್ತದೆ, ಇದನ್ನು ನಾನು ದಿನವೂ ನೋಡುತ್ತೇನೆ. ಮನಸ್ಸಿಗೆ ಒತ್ತಡ ಬಂದಾಗ ಕಾರ್ಟಿಸಾಲ್‌ನಿಂದ ವಸಡಿನ ರಕ್ಷಣೆ ಕುಗ್ಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ತಿಂಗಳುಗಟ್ಟಲೆ ಕೂತ ಸೈನಿಕರಿಗೆ ವಸಡು ಕೊಳೆತು ರಕ್ತ ಸುರಿಯುವ ಕಾಯಿಲೆ ಎಷ್ಟು ಬಂತೆಂದರೆ ಅದಕ್ಕೆ ಕಂದಕದ ಬಾಯಿ ಅಂತಲೇ ಹೆಸರಾಯಿತು. ಅದೇ ಕಾಯಿಲೆ ಪರೀಕ್ಷೆ ಸಮಯದಲ್ಲಿ ಹಾಸ್ಟೆಲ್ ಹುಡುಗರಲ್ಲೂ ಕಾಣಿಸುತ್ತದೆ. ಆತಂಕ ಇರುವವರು ರಾತ್ರಿ ಹಲ್ಲು ಕಡಿಯುತ್ತಾರೆ, ಮೊದಲೇ ಸಡಿಲವಾದ ಹಲ್ಲು ಅದರಿಂದ ಇನ್ನೂ ಅಲ್ಲಾಡುತ್ತದೆ. ರಾತ್ರಿ ಬ್ರಷ್ ಮಾಡುವ ಮನಸ್ಸಿರುವುದಿಲ್ಲ. ಕೈ ಪಾಕೀಟಿನ ಕಡೆ ಹೋಗುತ್ತದೆ.

ಈಗ ನೀವು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದ ಆ ಪಾಕೀಟಿಗೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಪತ್ರದ ಅತಿ ಮುಖ್ಯ ಸಾಲು ಅದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಆಮೇಲೆ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಅಂತ ಬಂತು, ಎರಡನ್ನೂ ಅಂಗೈಯಲ್ಲಿ ಕಲಸಿದರೆ ಮತ್ತೆ ಅದೇ ಗುಟ್ಕಾ. ಅಡಿಕೆಯಲ್ಲಿ ಅರೆಕೋಲಿನ್ ಇದೆ. ಅದು ಬೆವರು ತರಿಸುತ್ತದೆ, ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ತಂಬಾಕಿನ ನಿಕೋಟಿನ್ ನಾಡಿ ಬಡಿತ, ಬಿಪಿ ಎರಡನ್ನೂ ಏರಿಸುತ್ತದೆ. ಅದರ ಪರಿಣಾಮ ಕೆಲವು ಗಂಟೆಗಳಲ್ಲಿ ಇಳಿದಾಗ ದೇಹ ಮತ್ತೆ ಕೇಳುತ್ತದೆ, ಚಡಪಡಿಕೆ, ಸಿಡುಕು, ನಿದ್ದೆ ಒಡೆಯುವುದು ಆಗುತ್ತದೆ. ನೀವು ಹಗಲೆಲ್ಲಾ ಏಳೆಂಟು ಸಲ ಹಾಕಿ ರಾತ್ರಿ ಮಲಗಿದ ಮೇಲೆ ಏಳೆಂಟು ಗಂಟೆ ಏನೂ ಇಲ್ಲ. ನಡುರಾತ್ರಿ ಎದೆ ಡವಡವ, ಬೆವರು. ಮೆದುಳಿಗೆ ಏರಿದ ಬ್ಯಾಕ್ಟೀರಿಯಾವನ್ನು ಹುಡುಕುವ ಮುಂಚೆ ನಾನು ಇದನ್ನು ಅನುಮಾನಿಸುತ್ತೇನೆ.

"ಹಾಕಿಕೊಂಡರೆ ಟೆನ್ಷನ್ ಕಡಿಮೆ ಆಗ್ತದ್ರೀ" ಅಂತ ಎಲ್ಲರೂ ಹೇಳುತ್ತಾರೆ. ಆಗುತ್ತದೆ, ಸುಳ್ಳಲ್ಲ. ಆದರೆ ಕಡಿಮೆಯಾಗುವುದು ಹಿಂದಿನ ಪಾಕೀಟು ಹುಟ್ಟಿಸಿದ ಟೆನ್ಷನ್. ಬೀಡಿ ಸಿಗರೇಟು ಬಿಟ್ಟವರ ಮೇಲೆ ನಡೆದ ಅಧ್ಯಯನಗಳಲ್ಲಿ, ಮೊದಲ ಕೆಲವು ವಾರದ ಕಷ್ಟ ದಾಟಿದ ಮೇಲೆ ಆತಂಕ ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ ಅಂತ ಕಂಡಿದೆ. ಇನ್ನೊಂದು ವಿಷಯ ಗೊತ್ತಿರಲಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುವುದರಿಂದ ವಸಡಿನ ರಕ್ತ ಕಡಿಮೆ ಕಾಣುತ್ತದೆ, ಕಾಯಿಲೆ ಮುಚ್ಚಿಕೊಳ್ಳುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ರಕ್ತ ಸ್ವಲ್ಪ ಜಾಸ್ತಿ ಬರಬಹುದು. ಗಾಬರಿಯಾಗಿ ಮತ್ತೆ ಶುರು ಮಾಡಬೇಡಿ, ಅದು ವಸಡಿಗೆ ರಕ್ತ ಸರಿಯಾಗಿ ಹರಿಯುತ್ತಿದೆ ಅನ್ನುವುದರ ಗುರುತು. ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಫೋನ್ ಮಾಡಿ, ತಂಬಾಕು ಬಿಡಿಸಲು ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ ಅದು. ಬಾಯಿ ಮೂರು ಬೆರಳು ಹೋಗುವಷ್ಟು ತೆರೆಯುತ್ತದಾ ಅಂತ ಕನ್ನಡಿ ಮುಂದೆ ನೋಡಿಕೊಳ್ಳಿ. ತೆರೆಯದಿದ್ದರೆ, ಖಾರ ತಿಂದಾಗ ಒಳಗೆಲ್ಲಾ ಉರಿದರೆ, ಹಲ್ಲಿನ ಮಾತು ಆಮೇಲೆ, ಮೊದಲು ಅದನ್ನು ತೋರಿಸಿ. ಅಡಿಕೆಯಿಂದ ಬಾಯಿ ಬಿಗಿಯುವ ಆ ಕಾಯಿಲೆ ಕ್ಯಾನ್ಸರ್‌ಗೆ ತಿರುಗಬಹುದು.

ನೀವು ಮಾಡಬೇಕಾದದ್ದು ಎರಡು ಕೆಲಸ, ಎರಡನ್ನೂ ಒಟ್ಟಿಗೇ ಶುರು ಮಾಡಿ. ವಸಡು ವಾಸಿಯಾದರೆ ಭಯ ತಾನಾಗಿ ಹೋಗುತ್ತದೆ ಅಂತ ಕಾಯಬೇಡಿ, ಭಯ ಹೋದ ಮೇಲೆ ಹಲ್ಲು ತೋರಿಸುತ್ತೇನೆ ಅಂತಲೂ ಬೇಡ. ಯಾವುದು ಯಾವುದಕ್ಕೆ ಕಾರಣ ಅಂತ ತೀರ್ಮಾನ ಆಗದೆ ಇದ್ದರೂ ಎರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ.

ಮನಸ್ಸಿನ ಕಡೆಯಿಂದ: ಇಸಿಜಿ ಆಗಿದೆ, ಒಳ್ಳೆಯದು. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಮಾಡಿಸಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಅವೆಲ್ಲಾ ಸರಿಯಿದ್ದರೆ ನೀವು ಬರೆದದ್ದು ಪ್ಯಾನಿಕ್ ಅಟ್ಯಾಕ್ ಇರಬಹುದು. ಅದು ಹತ್ತು ನಿಮಿಷದೊಳಗೆ ಏರಿ ತಾನೇ ಇಳಿಯುತ್ತದೆ, ಜೀವ ತೆಗೆಯುವುದಿಲ್ಲ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಹೋಗಲು ಮನಸ್ಸು ಹಿಂಜರಿದರೆ 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್ ಅಂತ ಅದರ ಹೆಸರು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ, ರಾತ್ರಿ ಎಚ್ಚರವಾದ ಹೊತ್ತಲ್ಲೂ ಮಾಡಬಹುದು. ಮನೋವೈದ್ಯರ ಹತ್ತಿರ ಹೋದರೆ ಊರವರು ಏನಂತಾರೋ ಅನ್ನುವ ಅಂಜಿಕೆ ನನಗೆ ಅರ್ಥವಾಗುತ್ತದೆ. ಅದಕ್ಕೇ ಎಷ್ಟೋ ಜನ, ಕಾರಣ ಹಲ್ಲಿನಲ್ಲಿ ಸಿಕ್ಕಿದರೆ ಸಾಕಪ್ಪಾ ಅಂತ ನನ್ನ ಹತ್ತಿರ ಬರುತ್ತಾರೆ. ಬನ್ನಿ, ಆದರೆ ಅಲ್ಲಿಗೂ ಹೋಗಿ.

ವಸಡಿನ ಕಡೆಯಿಂದ: ಒಳ್ಳೆಯ ವಸಡಿನ ತಪಾಸಣೆ ಅಂದರೆ ಸಣ್ಣ ಅಳತೆ ಕಡ್ಡಿ ಇಳಿಸಿ ಪ್ರತಿ ಹಲ್ಲಿನ ಸುತ್ತ ಆರು ಕಡೆ ಆಳ ನೋಡುವುದು. ಬರೀ ಕನ್ನಡಿ ಹಿಡಿದು ನೋಡಿ ಕಳಿಸಿದರೆ ಅಳತೆ ತೆಗೆಯಿರಿ ಅಂತ ಕೇಳಿ, ಕೇಳುವುದು ತಪ್ಪಲ್ಲ. ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿನಲ್ಲಿ ವಸಡಿಗೇ ಒಂದು ವಿಭಾಗ ಇದೆ, ಖರ್ಚಿನ ಚಿಂತೆ ಇದ್ದರೆ ಅಲ್ಲಿಗೆ ಹೋಗಿ. ಚಿಕಿತ್ಸೆ ಅಂದರೆ ಗಾರೆ ತೆಗೆಯುವುದು, ಮತ್ತೆ ಸಂದು ಆಳವಾದ ಕಡೆ ಮರಗಟ್ಟಿಸಿ ಬೇರಿನ ಮೇಲಿರುವುದನ್ನೂ ತೆಗೆಯುವುದು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಅನ್ನುವ ಮಾತು ನಮ್ಮ ಕಡೆ ತುಂಬಾ ಇದೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು "ಯವ್ವಾ, ಗಾರಿ ಇರ್ಲಿ ಬಿಡು, ಅದೇ ಹಿಡ್ಕೊಂಡೈತಿ" ಅಂದಿದ್ದರು. ಅವರ ಮಾತಿನಲ್ಲಿ ಅನುಭವ ಇದೆ, ಗಾರೆ ತೆಗೆದಾಗ ಸಂದು ಕಾಣುತ್ತದೆ, ಕೆಲವು ದಿನ ಜುಮ್ ಅನ್ನುತ್ತದೆ, ಹಲ್ಲು ಅಲ್ಲಾಡಿದಂತೆ ಅನ್ನಿಸುತ್ತದೆ. ಆದರೆ ಎಲುಬು ಕರಗಿಸಿದ್ದು ಆ ಗಾರೆ ಮೇಲೆ ಕೂತ ಪಾಚಿಯೇ. ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತಾ ಬರುತ್ತದೆ, ಎರಡು ತಿಂಗಳಿಗೆ ಮತ್ತೆ ಅಳೆದು ನೋಡಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ.

ಔಷಧಿ ಅಂಗಡಿಯಿಂದ ಬ್ಯಾಕ್ಟೀರಿಯಾ ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆ ತಂದು ನುಂಗುವುದು ಬೇಡ. ತುಂಗಭದ್ರಾ ನಾಲೆಯ ತಳದಲ್ಲಿ ಹೂಳು ಕೂತಾಗ ಮೇಲೆ ಎಷ್ಟು ನೀರು ಬಿಟ್ಟರೂ ಹೂಳು ಅಲ್ಲೇ ಇರುತ್ತದೆ, ಇಳಿದು ತೆಗೆಯಲೇಬೇಕು. ಬ್ಯಾಕ್ಟೀರಿಯಾ ಪಾಚಿಯೊಳಗೆ ಅವಿತಿರುವಾಗ ಮಾತ್ರೆ ಸರಿಯಾಗಿ ತಲುಪುವುದಿಲ್ಲ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡೀನ್ ಕೂಡ ಡಾಕ್ಟರು ಹೇಳಿದ ಎರಡು ವಾರಕ್ಕೆ ಮಾತ್ರ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಮನೆಯಲ್ಲಿ ಮೃದುವಾದ ಬ್ರಷ್, ದಿನಕ್ಕೆ ಎರಡು ಸಲ, ರಾತ್ರಿಯದ್ದು ತಪ್ಪಿಸಬಾರದು. ಹಲ್ಲಿನ ನಡುವಿನ ಸಂದಿಗೆ ಸಣ್ಣ ಕುಂಚದಂಥ ಬ್ರಷ್ ಸಿಗುತ್ತದೆ, ನಿಮ್ಮಂಥವರಿಗೆ ಅದೇ ಹೆಚ್ಚು ಉಪಯೋಗ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜುವುದು ಬಿಡಿ.

ಆತಂಕ ಇರುವವರಿಗೆ ಕುರ್ಚಿಯಲ್ಲಿ ಕೂರುವ ಮೊದಲು ಹೇಳಲೇಬೇಕಾದ ಒಂದು ವಿಷಯ ಇದೆ, ಇದನ್ನು ಹೇಳದೆ ಇಂಜೆಕ್ಷನ್ ಕೊಟ್ಟು ನನ್ನ ಮೊದಲ ವರ್ಷಗಳಲ್ಲಿ ಒಬ್ಬರನ್ನು ತುಂಬಾ ಹೆದರಿಸಿದ್ದೆ, ಇವತ್ತಿಗೂ ಮರೆತಿಲ್ಲ. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಾಲಿನ್ ಬೆರೆಸಿರುತ್ತಾರೆ. ಕೊಟ್ಟ ಒಂದೆರಡು ನಿಮಿಷಕ್ಕೆ ಎದೆ ಹೊಡೆದುಕೊಳ್ಳಬಹುದು, ಕೈ ನಡುಗಬಹುದು. ಅದು ಥೇಟ್ ನಿಮ್ಮ ರಾತ್ರಿಯ ಅಟ್ಯಾಕ್ ಥರವೇ ಇರುತ್ತದೆ, ಆದರೆ ಅದು ಔಷಧಿಯ ಕೆಲಸ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ನಿಮಗೆ ಪ್ಯಾನಿಕ್ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ನಿಧಾನವಾಗಿ ಕೊಡುತ್ತಾರೆ, ಅಡ್ರಿನಾಲಿನ್ ಇಲ್ಲದ್ದೂ ಸಿಗುತ್ತದೆ. ಮನೋವೈದ್ಯರು ಮಾತ್ರೆ ಶುರು ಮಾಡಿದ್ದರೆ ಅದರ ಚೀಟಿ ತನ್ನಿ. ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಬಾಯಿ ಒಣಗಿದರೆ ಪಾಚಿ ಬೇಗ ಕೂರುತ್ತದೆ, ಅದಕ್ಕೆ ಉಪಾಯ ಇದೆ. ಹಲ್ಲಿನ ಚಿಕಿತ್ಸೆಗೆ ಅಂತ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ.

ಚಿಕಿತ್ಸೆಯಿಂದ ಆತಂಕ ಕಡಿಮೆಯಾಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ದೇಹದ ಉರಿ ಇಳಿಯುತ್ತದೆ ಅನ್ನುವುದಕ್ಕೆ ಆಧಾರ ಇದೆ. ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ಸರಾಸರಿ 0.4 ಪ್ರತಿಶತ ಅಂಶದಷ್ಟು ಇಳಿಯುತ್ತದೆ, ಅದು ಸಣ್ಣದಲ್ಲ. 2007ರಲ್ಲಿ 120 ಜನರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಚಿಕಿತ್ಸೆಯ ಮಾರನೇ ದಿನ ಉರಿಯೂತ ಸ್ವಲ್ಪ ಏರಿತು, ಆರು ತಿಂಗಳಿಗೆ ರಕ್ತನಾಳಗಳು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದವು. ಹಾಗಾಗಿ ಕ್ಲೀನಿಂಗ್ ಆದ ದಿನ ಮೈ ಭಾರ ಅನ್ನಿಸಿದರೆ, ಬ್ಯಾಕ್ಟೀರಿಯಾ ಮೆದುಳಿಗೆ ಏರಿತು ಅಂದುಕೊಳ್ಳಬೇಡಿ. ಬಾಯಿ ವಾಸನೆ ಹೋಗಿ ನಾಲ್ಕು ಜನರ ಜೊತೆ ಹತ್ತಿರ ನಿಂತು ಮಾತಾಡಲು ಧೈರ್ಯ ಬಂದದ್ದಕ್ಕೇ ಮನಸ್ಸು ಹಗುರಾದವರನ್ನು ನಾನು ನೋಡಿದ್ದೇನೆ, ಅದಕ್ಕೆ ಮೆದುಳಿನ ರಾಸಾಯನಿಕದ ವಿವರಣೆ ಬೇಕಾಗಿಲ್ಲ.

ಇನ್ನು ನಿಮ್ಮ ಅವ್ವ. ನಿಮ್ಮ ಭಯದ ಬೇರು ಅಲ್ಲೇ ಇದೆ ಅನ್ನಿಸುತ್ತದೆ. ಅವರ ಹಲ್ಲು ಬಿದ್ದದ್ದು, ಮರೆವು ಬಂದದ್ದು, ಈಗ ನಿಮ್ಮ ಹಲ್ಲು ಅಲ್ಲಾಡುತ್ತಿರುವುದು, ಮೂರನ್ನೂ ವಿಡಿಯೊ ಒಂದೇ ದಾರದಲ್ಲಿ ಪೋಣಿಸಿಬಿಟ್ಟಿತು. ಮರೆವಿನ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ನಾವು ಬದಲಾಯಿಸಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಕಿವಿ ಕೇಳಿಸದಿರುವುದು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಖಿನ್ನತೆ, ಒಂಟಿತನ, ಕಣ್ಣು ಮಂಜಾಗುವುದು, ಎಲ್ಲಾ ಅದರಲ್ಲಿವೆ. ವಸಡಿನ ಕಾಯಿಲೆ ಆ ಪಟ್ಟಿಯಲ್ಲಿ ಇಲ್ಲ. ಆದರೆ ನೋಡಿ, ಸಕ್ಕರೆ ಕಾಯಿಲೆ ಮತ್ತು ತಂಬಾಕು ವಸಡನ್ನು ಕೆಡಿಸುವುದರಲ್ಲೂ ಮೊದಲ ಸಾಲಿನವು. ಅವ್ವನ ವಿಷಯದಲ್ಲಿ ಎರಡೂ ಒಂದೇ ಮೂಲದಿಂದ ಬಂದಿರಬಹುದು, ಒಂದು ಇನ್ನೊಂದನ್ನು ತಂದಿರಲೇಬೇಕು ಅಂತ ಇಲ್ಲ.

66 ವರ್ಷಕ್ಕೆ ಮರೆವು ಅಂದರೆ ವಯಸ್ಸಾಯಿತು ಬಿಡಿ ಅಂತ ಸುಮ್ಮನಿರಬೇಡಿ. ಬಿ12 ಕಡಿಮೆಯಾದರೂ, ಥೈರಾಯ್ಡ್ ಕಡಿಮೆಯಾದರೂ, ಖಿನ್ನತೆ ಇದ್ದರೂ, ಕಿವಿ ಮಂದವಾದರೂ ಮರೆವಿನಂತೆಯೇ ಕಾಣುತ್ತದೆ, ಇವೆಲ್ಲಕ್ಕೂ ಮದ್ದಿದೆ. ಜಿಲ್ಲಾ ಆಸ್ಪತ್ರೆಗೆ ನೀವು ಹೋಗುವ ದಿನವೇ ಅವರನ್ನೂ ಕರೆದುಕೊಂಡು ಹೋಗಿ ರಕ್ತ ಕೊಡಿಸಿ, ಕಿವಿ ತೋರಿಸಿ. ಅವರು ಹಲ್ಲಿನ ಸೆಟ್ ಹಾಕುತ್ತಿದ್ದರೆ ರಾತ್ರಿ ತೆಗೆದು ಸೋಪಿನಲ್ಲಿ ಉಜ್ಜಿ ನೀರಿನ ಬಟ್ಟಲಲ್ಲಿ ಇಡಿ, ಇಟ್ಟದ್ದನ್ನು ಅವರು ಮರೆಯುತ್ತಾರೆ, ಆದ್ದರಿಂದ ಈ ಕೆಲಸ ನೀವೇ ಮಾಡಬೇಕಾಗಬಹುದು. ಸೆಟ್ ಇಲ್ಲದಿದ್ದರೆ ಮಾಡಿಸಿಕೊಡಿ. ಹಲ್ಲಿಲ್ಲದೆ ರೊಟ್ಟಿ, ಕಾಳು ಪಲ್ಯ ಬಿಟ್ಟು ಬರೀ ಗಂಜಿ ಅನ್ನದ ಮೇಲೆ ಬದುಕುವ ಹಿರಿಯರು ಸೊರಗುತ್ತಾ ಹೋಗುತ್ತಾರೆ. ಎಲೆ ಅಡಿಕೆ ಜೊತೆ ಅವರೂ ತಂಬಾಕು ಹಾಕುತ್ತಿದ್ದರೆ ಕೆನ್ನೆಯ ಒಳಗೆ, ನಾಲಿಗೆಯ ಬದಿಗೆ ಬಿಳಿ ಮಚ್ಚೆ ಅಥವಾ ಎರಡು ವಾರವಾದರೂ ವಾಸಿಯಾಗದ ಹುಣ್ಣು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಇದ್ದರೆ ಇದೇ ವಾರ ತೋರಿಸಿ. ಮತ್ತೆ ನಿಮ್ಮ ರಕ್ತ ಪರೀಕ್ಷೆ, ಹಲ್ಲಿನ ಎಕ್ಸ್‌ರೇ ಬಂದ ಮೇಲೆ ನನಗೆ ಬರೆಯಿರಿ, ಆ ಎರಡು ಹಲ್ಲಿನ ಬಗ್ಗೆ ಆಗ ಖಚಿತವಾಗಿ ಹೇಳುತ್ತೇನೆ.